ಎದುರಾಳಿ ಬೇಕಾಗಿದ್ದಾಳೆ

೧

ಹೇರ್‌ಸ್ಪ್ರೇಯಿಂದ ಶುರು ಮಾಡಿದರೆ ಹೇಗೆ? ಫೆಬ್ರವರಿಯ ಒಂದು ಶನಿವಾರ, ಹೈಸ್ಕೂಲಿನ ಜಿಮ್, ಬಾಗಿಲು ತೆಗೆದ ಕೂಡಲೇ ಮುಖಕ್ಕೆ ರಾಚುವ ಹೇರ್‌ಸ್ಪ್ರೇ ವಾಸನೆ. ಓದುಗರನ್ನು ಮೂಗು ಹಿಡಿದು ಒಳಗೆ ಎಳೆದುಕೊಂಡು ಹೋದಂತಾಗುತ್ತದೆ. ಪಳಗಿದ ಕಥೆಗಾರರು ಹೀಗೇ ಮಾಡುತ್ತಾರೆಂದು ಕೇಳಿದ್ದೇನೆ.

ಆದರೆ ವಾಸನೆಯಿಂದ ಶುರುವಾದದ್ದು ನೆನಪಿನ ಕಥೆಯಾಗಿಬಿಡುತ್ತದೆ. ನೆನಪಿನ ಕಥೆಯಲ್ಲಿ ಕೊನೆಗೆ ಯಾರಾದರೂ ಸಾಯಲೇಬೇಕು. ಇದರಲ್ಲಿ ಯಾರೂ ಸಾಯುವುದಿಲ್ಲ. ಒಬ್ಬಳು ವಾಂತಿ ಮಾಡಿಕೊಳ್ಳುತ್ತಾಳೆ, ಅಷ್ಟೇ.

ಇನ್ನೊಂದು ಆರಂಭ: "ಗಾಳಿಯಲ್ಲಿ ಗಿರ್ರನೆ ಸುತ್ತುತ್ತಿದ್ದ ಬ್ಯಾಟನ್ ಬೆಳ್ಳಿಯ ಚಕ್ರದಂತೆ ಹೊಳೆಯಿತು." ಬರೆದು, ಓದಿಕೊಂಡು, ಪರವಾಗಿಲ್ಲವೇ ಎಂದುಕೊಳ್ಳುವಷ್ಟರಲ್ಲಿ ನನ್ನ ಮಗಳು ಮಾರ್ನಿ ಬೆನ್ನ ಹಿಂದೆ ಬಂದು ನಿಂತಳು.

"ಬೆಳ್ಳಿ ಚಕ್ರಾನಾ? ಅಪ್ಪಾ, ಛೀ."

"ಯಾಕೆ, ಚೆನ್ನಾಗಿಲ್ವಾ?"

"ಅದೊಂದು ಉಕ್ಕಿನ ಕೋಲು. ಎರಡು ತುದಿಗೂ ರಬ್ಬರ್ ಗುಂಡು. ತಲೆ ಮೇಲೆ ಬಿದ್ರೆ ಗೊತ್ತಾಗುತ್ತೆ ಚಕ್ರಾನೋ ಏನು ಅಂತ. ನೀನು ಜೋಸಿ ಬಾತ್‌ರೂಮಲ್ಲಿ ಕೂತ್ಕೊಂಡಿದ್ದನ್ನ ಬರಿ."

"ಅದು ಮಧ್ಯದಲ್ಲಿ ಬರುತ್ತೆ ಕಣೆ."

"ಹಾಗಾದ್ರೆ ಮಧ್ಯದಿಂದಾನೇ ಶುರು ಮಾಡು. ಯಾರು ಬೇಡ ಅಂದೋರು?"

ಹನ್ನೆರಡು ವರ್ಷದ ವಿಮರ್ಶಕಿಗೆ ಉತ್ತರ ಕೊಟ್ಟು ಗೆದ್ದ ಲೇಖಕ ಇನ್ನೂ ಹುಟ್ಟಿಲ್ಲ. ಆದರೂ ನಾನು ಮಧ್ಯದಿಂದ ಶುರು ಮಾಡುವುದಿಲ್ಲ. ಮನೆಯಲ್ಲಿ ನನ್ನ ಮಾತು ನಡೆಯುವುದು ಈ ಹಾಳೆಯ ಮೇಲೆ ಮಾತ್ರ.

೨

ನಾನು ರಸ್ ಹಾಲಿಸ್. ಒಹಾಯೋದ ನಮ್ಮ ಕೌಂಟಿಯ ವಾರಪತ್ರಿಕೆಗೆ ಶಾಲಾ ಫುಟ್‌ಬಾಲಿನ ವರದಿ ಬರೆಯುತ್ತೇನೆ. ಪಂದ್ಯ ಮುಗಿದಾಗ ಒಂದು ಅಂಕಿ ಸಿಗುತ್ತದೆ. ಅದನ್ನು ಮೊದಲ ವಾಕ್ಯದಲ್ಲಿ ಕೂರಿಸಿ, ಕೋಚ್ ಗೊಣಗಿದ ಎರಡು ಮಾತು ಸೇರಿಸಿದರೆ ವರದಿ ಸಿದ್ಧ. ಬ್ಯಾಟನ್ ಬಗ್ಗೆ ನಾನು ಒಂದು ಸಾಲೂ ಬರೆದವನಲ್ಲ. ಪಂದ್ಯದ ಮಧ್ಯಂತರದಲ್ಲಿ ಬ್ಯಾಂಡಿನ ಮುಂದೆ ಹುಡುಗಿಯರು ಕೋಲು ತಿರುಗಿಸುವ ಹೊತ್ತಿಗೆ ನಾನು ಹಾಟ್‌ಡಾಗ್ ತರಲು ಎದ್ದು ಹೋಗುತ್ತಿದ್ದೆ.

ಮಾರ್ನಿಯನ್ನು ಸ್ಪರ್ಧೆಗಳಿಗೆ ಕರೆದೊಯ್ಯುವುದು ನನ್ನ ಹೆಂಡತಿ ಗ್ವೆನ್‌ಳ ಕೆಲಸ. ಆ ಶನಿವಾರ ಅವಳಿಗೆ ಆಸ್ಪತ್ರೆಯಲ್ಲಿ ಪಾಳಿ ಬಿತ್ತು. ಹಾಗಾಗಿ ನಾನು.

ನನಗೆ ಗೊತ್ತಿದ್ದದ್ದು ಒಂದೇ. ನಮ್ಮ ಮನೆಯ ಮೆಟ್ಟಿಲ ಪಕ್ಕದ ಶೆಲ್ಫಿನ ತುಂಬ ಮಾರ್ನಿಯ ಟ್ರೋಫಿಗಳಿವೆ, ಹೆಚ್ಚಿನವುಗಳ ಮೇಲೆ 'ಮೊದಲ ಸ್ಥಾನ' ಎಂದು ಕೆತ್ತಿದೆ. ಮೂರು ವರ್ಷದಿಂದ ನನ್ನ ಮಗಳು ಗೆಲ್ಲುತ್ತಲೇ ಇದ್ದಾಳೆ ಎಂದು ನಾನು ಅಂಚೆಯವನನ್ನೂ ಬಿಡದೆ ಕೊಚ್ಚಿಕೊಂಡಿದ್ದೆ.

(ಓದುಗರೇ, ಇಲ್ಲಿ ನಿಮಗೆ ಅನುಮಾನ ಬಂದಿದ್ದರೆ ನೀವು ನನಗಿಂತ ಜಾಣರು. ಅದೇನೂ ದೊಡ್ಡ ಸಾಧನೆಯಲ್ಲ.)

೨ (ಮತ್ತೆ)

ಹಿಂದಿನ ಭಾಗದಲ್ಲಿ ನನ್ನ ಬಗ್ಗೆಯೇ ಜಾಸ್ತಿಯಾಯಿತು. ಜಿಮ್ಮಿಗೆ ಹೋಗೋಣ.

ನೆಲಕ್ಕೆ ಬಣ್ಣದ ಟೇಪು ಅಂಟಿಸಿ ನಾಲ್ಕು ಪಟ್ಟಿ ಮಾಡಿದ್ದರು. ಪ್ರತಿ ಪಟ್ಟಿಯ ತುದಿಗೂ ಒಂದು ಮೇಜು, ಮೇಜಿನ ಹಿಂದೆ ಒಬ್ಬರು ತೀರ್ಪುಗಾರ್ತಿ. ನಾಲ್ಕು ಪಟ್ಟಿಯಲ್ಲಿ ನಾಲ್ಕು ಹುಡುಗಿಯರು ಏಕಕಾಲಕ್ಕೆ ಆಡುತ್ತಾರೆ, ನಾಲ್ವರಿಗೂ ಒಂದೇ ಟ್ಯೂನ್. ಅದು ಮುಗಿದರೆ ಮುಂದಿನ ನಾಲ್ವರಿಗೂ ಅದೇ. ಬೆಳಿಗ್ಗೆಯಿಂದ ಸಂಜೆಯವರೆಗೆ ಒಂದೇ ಮಾರ್ಚ್ ಟ್ಯೂನ್ ಕೇಳಿ ಕೇಳಿ ಪಕ್ಕದಲ್ಲಿ ಕೂತ ತಾಯಿಯೊಬ್ಬರು ಅದರ ತಾಳಕ್ಕೇ ಸ್ವೆಟರ್ ಹೆಣೆಯುತ್ತಿದ್ದರು.

ನಾನು ಕಟ್ಟಿದ ತುರುಬನ್ನು ನೋಡಿ ಮಾರ್ನಿಯ ಕೋಚ್ ಮಿಸ್ ಲುವಾನ್ ಎದೆ ಹಿಡಿದುಕೊಂಡರು.

"ಇದೇನ್ರೀ ಇದು? ತುರುಬೋ, ಹಕ್ಕಿ ಗೂಡೋ?"

"ವಿಡಿಯೋ ನೋಡ್ಕೊಂಡು ಕಟ್ಟಿದ್ದು."

"ಯಾವ ವಿಡಿಯೋ? ಹಕ್ಕೀದಾ?" ಬಾಯಲ್ಲಿ ಪಿನ್ನು ಕಚ್ಚಿಕೊಂಡೇ ಅವರು ಎಲ್ಲವನ್ನೂ ಬಿಚ್ಚಿ ಮತ್ತೆ ಕಟ್ಟಿದರು. ಮಾರ್ನಿ ಕಣ್ಣು ಮುಚ್ಚಿ ಸಹಿಸಿಕೊಂಡಳು.

ಸುತ್ತ ಸೊಂಟದೆತ್ತರದ ಮಕ್ಕಳು ಮಿನುಗು ಉಡುಪಿನಲ್ಲಿ ಓಡಾಡುತ್ತಿದ್ದರು. ಅವರ ನಡುವೆ ನನ್ನ ಮಗಳು ದೀಪದ ಕಂಬದಂತೆ ಕಾಣುತ್ತಿದ್ದಳು. ಅವಳಿರುವುದು 'ಹೊಸಬರ ವರ್ಗ'. ಅವಳ ಜೊತೆ ಶುರು ಮಾಡಿದವರೆಲ್ಲ ಮೇಲಿನ ವರ್ಗಕ್ಕೆ ಹೋಗಿ ಆಗಿದೆ. ತಂಡದ ಹುಡುಗಿಯರು ಅವಳನ್ನು 'ಹೊಸಬರ ಅಜ್ಜಿ' ಎಂದು ಕರೆಯುತ್ತಾರಂತೆ. ಇದು ನನಗೆ ಗೊತ್ತಾದದ್ದು ಅಲ್ಲೇ, ಒಬ್ಬಳು ಹಾಗೆ ಕೂಗಿಕೊಂಡು ಹೋದಾಗ. ಮಾರ್ನಿ ನಕ್ಕಳು. ಅವಳ ಆ ನಗು ನನಗೆ ಇಷ್ಟವಾಗಲಿಲ್ಲ.

"ಈ ಸಲ ಆಗ್ಲಿಲ್ಲ ಅಂದ್ರೆ ಬಿಟ್ಟುಬಿಡ್ತೀನಿ ಅಪ್ಪಾ," ಎಂದಳು, ಶೂ ಲೇಸು ಕಟ್ಟಿಕೊಳ್ಳುತ್ತ, ತಲೆ ಎತ್ತದೆ.

"ಏನಾಗ್ಲಿಲ್ಲ ಅಂದ್ರೆ?"

ಅಷ್ಟರಲ್ಲಿ ಮಿಸ್ ಲುವಾನ್ ಬಂದರು. ಮೂರನೇ ಪಟ್ಟಿ, ಹೊಸಬರ ವರ್ಗ, ಹತ್ತರಿಂದ ಹನ್ನೆರಡು ವಯಸ್ಸು, ಈ ಸಲ ಇಬ್ಬರೇ ಎಂದರು. ಮಾರ್ನಿ, ಮತ್ತೆ ಜೋಸಿ ಕೊವಾಚ್ ಅನ್ನೋ ಹೊಸ ಹುಡುಗಿ.

೩

(ಇಲ್ಲೊಂದು ಕರಡು ಹರಿದು ಹಾಕಿದ್ದೇನೆ. ಅದರಲ್ಲಿ ಜೋಸಿ ಕೊವಾಚ್ ಖಳನಾಯಕಿ. ದುಬಾರಿ ಉಡುಪು, ಕೊಂಕು ನಗು, ಕಪ್ಪು ಕಾರಲ್ಲಿ ಬರುವ ಜಂಬದ ತಾಯಿ. ಬರೆಯುವಾಗ ಬಹಳ ಸುಖವಾಗಿತ್ತು. ಆದರೆ ನಿಜವಾದ ಜೋಸಿ ನಮ್ಮ ಅಡುಗೆಮನೆಗೆ ಬಂದು, ಅದನ್ನು ಓದಿ, "ನಂಗೆ ಇಂಥ ಡ್ರೆಸ್ ಯಾವಾಗ ಕೊಡಿಸ್ತೀರಾ?" ಎಂದು ಕೇಳಿದಳು. ಹರಿದೆ.)

೪

ಮೂರನೇ ಪಟ್ಟಿಯಲ್ಲಿ ಜೋಸಿಯ ಹೆಸರು ಕರೆದರು. ಯಾರೂ ಬರಲಿಲ್ಲ. ಮತ್ತೆ ಕರೆದರು. ಇಲ್ಲ.

ನಾನು ಕೂತಲ್ಲಿಂದ ಎದ್ದೇಬಿಟ್ಟೆ. ನನಗೆ ತಡೆಯಲಾಗದಷ್ಟು ಸಂತೋಷ. ಫುಟ್‌ಬಾಲಿನಲ್ಲಿ ಎದುರಿನ ತಂಡ ಬಸ್ಸು ಕೆಟ್ಟು ಬರದೇ ಹೋದರೆ ನಾವು ಗೆದ್ದಂತೆ. ಓಡಿ ಹೋಗಿ ಮಾರ್ನಿಯ ಭುಜ ಹಿಡಿದು ಅಲುಗಾಡಿಸಿದೆ.

"ಪುಟ್ಟಿ, ಅವಳು ಬಂದಿಲ್ಲ! ಗೆದ್ದೆ ಕಣೆ! ಬಗ್ಗಿ ಟ್ರೋಫಿ ಎತ್ಕೊಳ್ಳೋದಷ್ಟೇ ಬಾಕಿ!"

ಮಾರ್ನಿಯ ಮುಖ ಸೊಟ್ಟಗಾಯಿತು. ಮಸ್ಕರಾ ಹಚ್ಚಿದ ಕಣ್ಣಿಂದ ಎರಡು ಕಪ್ಪು ಗೆರೆ ಇಳಿದವು.

"ಅಳೋದ್ಯಾಕೆ?"

"ನಿಂಗೆ ಏನೂ ಗೊತ್ತಿಲ್ಲ ಅಪ್ಪಾ. ಎದುರಿಗೆ ಯಾರೂ ಇಲ್ದೆ ಗೆದ್ರೆ ಅದು ಲೆಕ್ಕಕ್ಕಿಲ್ಲ. ಟ್ರೋಫಿ ಕೊಡ್ತಾರೆ, ಲೆಕ್ಕಕ್ಕಿಲ್ಲ. ಒಬ್ರನ್ನಾದ್ರೂ ಸೋಲ್ಸಿ ಮೊದಲ ಸ್ಥಾನ ಬಂದ್ರೆ ಮಾತ್ರ ಮೇಲಿನ ವರ್ಗಕ್ಕೆ ಹೋಗಬಹುದು."

"ಹಾಗಾದ್ರೆ... ಶೆಲ್ಫಲ್ಲಿರೋದೆಲ್ಲ?"

"ನಾನೊಬ್ಳೇ ಇದ್ದಾಗ ಸಿಕ್ಕಿದ್ದು. ಈಗ ನಮ್ಮ ಕಡೆ ಹೊಸಬರು ಯಾರು ಬರ್ತಾರೆ? ಎಲ್ರೂ ಸಾಕರ್‌ಗೆ ಹೋಗ್ತಾರೆ. ಯಾರಾದ್ರೂ ಬಂದ ಎರಡು ಸಲ ನಾನೇ ಸೋತೆ. ನಂಗೊಂದು ಗೆಲುವು ಬೇಕು ಅಷ್ಟೇ. ಒಂದೇ ಒಂದು ನಿಜವಾದ್ದು."

ನನಗೆ ಸಂಕಟವಾಯಿತು. ಮೂರು ವರ್ಷ ನಾನು ಹೆಮ್ಮೆಯಿಂದ ಧೂಳು ಒರೆಸಿದ ಟ್ರೋಫಿಗಳ ಪಕ್ಕದಲ್ಲೇ ಈ ಮಗು ದಿನಾ ಮೆಟ್ಟಿಲು ಹತ್ತಿ ಮಲಗಲು ಹೋಗಿದೆ, ಒಂದು ಮಾತೂ ಆಡದೆ. ಅಂಚೆಯವನ ನೆನಪೂ ಬಂತು.

(ಈಗ ಕಥೆಯ ಪ್ರಶ್ನೆ ನಿಮಗೆ ಸ್ಪಷ್ಟವಾಗಿರಬೇಕು: ಮಾರ್ನಿಗೆ ಒಬ್ಬಳು ಎದುರಾಳಿ ಬೇಕು. ಆಕೆ ಬರಬೇಕು, ಆಡಬೇಕು, ಸೋಲಬೇಕು. ಇಂಥ ಅತಿಥಿಯನ್ನು ಕರೆಯುವುದು ಹೇಗೆ?)

೫

ಜೋಸಿ ಕೊವಾಚ್ ಹುಡುಗಿಯರ ಬಾತ್‌ರೂಮಿನಲ್ಲಿದ್ದಳು. ಅದೂ ಒಳಗಿನ ಪುಟ್ಟ ಕೋಣೆಯಲ್ಲಿ, ಚಿಲಕ ಹಾಕಿಕೊಂಡು. ಹೊರಗಿನ ಬಾಗಿಲ ಬಳಿ ಅವಳ ಅಜ್ಜಿ ಡಾಲೊರೆಸ್ ಮಡಚುವ ಕುರ್ಚಿ ಹಾಕಿಕೊಂಡು ಕೂತಿದ್ದರು. ಒಂದು ಕಾಲಕ್ಕೆ ಉಕ್ಕಿನ ಕಾರ್ಖಾನೆಯ ಬ್ಯಾಂಡಿನ ಮುಂದೆ ಬಿಳಿ ಬೂಟು ತೊಟ್ಟು ನಡೆದವರಂತೆ. ಮೊಮ್ಮಗಳಿಗೆ ಕಲಿಸಿದ್ದೂ ಅವರೇ, ಮನೆಯ ಗ್ಯಾರೇಜಿನಲ್ಲಿ. ಗ್ಯಾರೇಜಿನ ಸೂರು ತಗ್ಗು, ಹಾಗಾಗಿ ಜೋಸಿ ಕೋಲನ್ನು ಎತ್ತರಕ್ಕೆ ಎಸೆದವಳೇ ಅಲ್ಲ.

"ನಿಮ್ಮ ಮಗಳು ಪ್ರಾಕ್ಟೀಸ್ ಮಾಡೋದು ನೋಡಿದ್ಲು," ಎಂದರು ಡಾಲೊರೆಸ್. "ಕೋಲು ಸೂರಿಗೆ ಹೋಗಿ ಬಂತಲ್ಲ, ಅದನ್ನ. 'ಅಜ್ಜೀ, ನಾನು ಆ ದೊಡ್ಡೋಳ ಎದುರಿಗಾ?' ಅಂದ್ಲು. ತಿಂದ ಪ್ಯಾನ್‌ಕೇಕ್ ಎಲ್ಲಾ ವಾಪಸ್ ಬಂತು. ಆಮೇಲೆ ಒಳಗೆ ಹೋಗಿದ್ದೇ."

ನಾನು ಬಾಗಿಲ ಸಂದಿಗೆ ಬಾಯಿ ಇಟ್ಟೆ.

"ಜೋಸಿ ಪುಟ್ಟಿ, ನಾನು ಮಾರ್ನಿ ಅಪ್ಪ. ನೀನು ಬರ್ಲಿಲ್ಲ ಅಂದ್ರೆ ಹೇಗಮ್ಮ? ನಿನ್ನ ಆಟ ನೋಡೋಕೆ ಎಲ್ರೂ ಕಾಯ್ತಿದ್ದಾರೆ."

"ಯಾರು?" ಒಳಗಿನಿಂದ ಸಣ್ಣ ದನಿ.

"ಎಲ್ರೂ."

"ಹೆಸರು ಹೇಳಿ."

ಡಾಲೊರೆಸ್ ನನ್ನನ್ನು ಮೇಲಿನಿಂದ ಕೆಳಗೆ ನೋಡಿದರು.

"ಅಲ್ಲಾ ಸ್ವಾಮಿ, ನನ್ನ ಮೊಮ್ಮಗಳು ಬಂದು ಸೋಲ್ಲಿ ಅಂತ ಇಷ್ಟೊಂದು ಉಪಚಾರಾನಾ?"

(ಇಲ್ಲಿ ನಾನೊಂದು ಘನವಾದ ಉತ್ತರ ಕೊಡಬಹುದಿತ್ತು. ಕ್ರೀಡೆಯ ಮನೋಭಾವ, ಮಕ್ಕಳ ಧೈರ್ಯ, ಇತ್ಯಾದಿ. ಮೂರು ಬಗೆಯಲ್ಲಿ ಬರೆದು ನೋಡಿದೆ. ಒಂದರಲ್ಲಂತೂ ಡಾಲೊರೆಸ್ ಕಣ್ಣೊರೆಸಿಕೊಳ್ಳುತ್ತಾರೆ. ಆದರೆ ಆ ದಿನ ನನ್ನ ಬಾಯಿಂದ ಬಂದದ್ದು ಬೇರೆ.)

"ಹೌದು," ಎಂದೆ.

ಡಾಲೊರೆಸ್ ಹೊಟ್ಟೆ ಕುಲುಕಿಸಿ ನಕ್ಕರು. "ಸದ್ಯ, ನಿಜ ಹೇಳಿದ್ರಲ್ಲ. ತಗೊಳ್ಳಿ, ಒಂದು ಬಿಸ್ಕತ್ತು ತಿನ್ನಿ." ಆಮೇಲೆ ಬಾಗಿಲ ಕಡೆ ತಿರುಗಿ, "ಏ ಜೋಸಿ! ಈ ಮನುಷ್ಯ ನೀನು ಸೋಲೋದನ್ನ ನೋಡೋಕೆ ಬಂದಿದ್ದಾನಂತೆ ಕಣೆ!" ಎಂದು ಕೂಗಿದರು.

ಒಳಗಿನ ಚಿಲಕ ಸರಿಯಲಿಲ್ಲ.

ಆಗ ಮಾರ್ನಿ ಬಂದಳು. ಕಪ್ಪು ಗೆರೆಗಳನ್ನು ಒರೆಸಿಕೊಂಡಿದ್ದಳು. ನಮ್ಮಿಬ್ಬರನ್ನೂ ನೋಡಿ, "ನೀವು ದೊಡ್ಡೋರು ಸುಮ್ನಿರ್ತೀರಾ?" ಎಂದು ಬಾಗಿಲು ತಳ್ಳಿಕೊಂಡು ಒಳಗೆ ಹೋದಳು.

೬

ಲೇಖಕ ಎಲ್ಲಿಗೆ ಬೇಕಾದರೂ ನುಗ್ಗಬಲ್ಲ ಎನ್ನುತ್ತಾರೆ. ರಾಜನ ಅಂತಃಪುರಕ್ಕೆ, ಸಾಯುವವನ ತಲೆಯೊಳಕ್ಕೆ. ಹೈಸ್ಕೂಲು ಹುಡುಗಿಯರ ಬಾತ್‌ರೂಮಿಗೆ ಮಾತ್ರ ನಾನು ಹೋಗಲಾರೆ. ಹಾಗಾಗಿ ಮುಂದಿನದ್ದು ಊಹೆ.

ಊಹೆ ಒಂದು. ಮಾರ್ನಿ ಹೇಳಿದಳು: "ಜೋಸಿ, ಸೋಲು ಗೆಲುವು ಮುಖ್ಯವಲ್ಲ. ನಾವು ನಮ್ಮ ಭಯವನ್ನು ಗೆಲ್ಲಬೇಕು."

"ನಾನು ಯಾವತ್ತಾದ್ರೂ ಹಾಗೆ ಮಾತಾಡಿದ್ದೀನಾ?" ನನ್ನ ಬೆನ್ನ ಹಿಂದಿನಿಂದ ಮಾರ್ನಿ. "ಕ್ಯಾಲೆಂಡರಲ್ಲಿ ಬರೆದಿರೋ ಸುಭಾಷಿತದ ಥರ ಇದೆ."

ಊಹೆ ಎರಡು. ಮಾರ್ನಿ ಚೀಲದಿಂದ ಕಡಲೆಬೀಜದ ಚಾಕೊಲೇಟ್ ತೆಗೆದು ಬಾಗಿಲಿನ ಕೆಳಗೆ ತೂರಿಸಿದಳು.

"ಲಂಚ ಕೊಟ್ಟೆ ಅಂತಾನಾ? ಅಪ್ಪಾ!"

"ಮತ್ತೆ ಏನು ಹೇಳ್ದೆ? ನೀನೇ ಹೇಳು, ಇದ್ದದ್ದು ಇದ್ದ ಹಾಗೆ ಬರೀತೀನಿ."

"ಹೇಳಲ್ಲ. ಅದು ನಂಗೂ ಜೋಸಿಗೂ."

ಹೊರಗೆ ನಮಗೆ ಕೇಳಿಸಿದ್ದು ಇಷ್ಟೇ. ಮೊದಲು ಪಿಸುಮಾತು. ಆಮೇಲೆ ಕೋಲು ಆ ಪುಟ್ಟ ಕೋಣೆಯ ತಗಡಿನ ಬಾಗಿಲಿಗೆ ಬಡಿದ ಸದ್ದು, ಅದೂ ಎರಡು ಸಲ. ಆಮೇಲೆ ಇಬ್ಬರ ನಗು. ಡಾಲೊರೆಸ್ ಕುರ್ಚಿ ಮಡಚಿ ಎದ್ದರು. "ಇನ್ನು ಬರ್ತಾಳೆ," ಎಂದರು.

ಬಂದಳು. ನನ್ನ ಮೊಣಕೈ ಎತ್ತರಕ್ಕಿದ್ದ ಹುಡುಗಿ, ಅಜ್ಜಿಯೇ ಹೊಲಿದ ಹಸಿರು ಉಡುಪು, ಒಂದು ಕೆನ್ನೆಯ ಮಿನುಗು ಅಳಿಸಿಹೋಗಿತ್ತು. ನನ್ನ ಮುಂದೆ ನಿಂತು, "ನೀವೇನಾ ಅವ್ರು?" ಎಂದು ಕೇಳಿ, ಉತ್ತರಕ್ಕೆ ಕಾಯದೆ ಜಿಮ್ಮಿನ ಕಡೆ ನಡೆದಳು. ಮೈಕಿನಲ್ಲಿ ಮೂರನೇ ಪಟ್ಟಿಯ ಕೊನೆಯ ಕರೆ ಆಗುತ್ತಿತ್ತು.

೭

ಮೊದಲು ಜೋಸಿ.

ಕೋಲು ಬಿತ್ತು. ಎತ್ತಿಕೊಂಡಳು. ಮತ್ತೆ ಬಿತ್ತು, ಪಕ್ಕದ ಪಟ್ಟಿಗೆ ಉರುಳಿತು, ಓಡಿ ತಂದಳು. ಗ್ಯಾರೇಜಿನ ಸೂರು ಅವಳ ತಲೆಯಲ್ಲಿ ಇನ್ನೂ ಇತ್ತೇನೋ, ಎಸೆದದ್ದೆಲ್ಲ ಹಣೆಯ ಮಟ್ಟದವರೆಗೆ ಮಾತ್ರ. ಆದರೆ ಬೆರಳ ಸಂದಿಯಲ್ಲಿ ಕೋಲು ಹಾಯಿಸುವಾಗ ಎಷ್ಟು ನಾಜೂಕಾಗಿ ಹಾಯಿಸಿದಳೆಂದರೆ ಹೆಣೆಯುತ್ತಿದ್ದ ತಾಯಿ ಸೂಜಿ ನಿಲ್ಲಿಸಿದರು.

ನನ್ನ ಸ್ಥಿತಿ ಹೇಳುತ್ತೇನೆ. ಅವಳ ಕೋಲು ಬಿದ್ದಾಗಲೆಲ್ಲ ನನ್ನೊಳಗೆ ಯಾರೋ ಕುಣಿದರು. ಹತ್ತು ವರ್ಷದ ಮಗು, ಈಗಷ್ಟೇ ವಾಂತಿ ಮಾಡಿಕೊಂಡ ಮಗು! ನನಗೇ ನಾಚಿಕೆಯಾಯಿತು. ಆದರೆ ಆ ಕುಣಿತ ನಿಲ್ಲಲಿಲ್ಲ. ಅದೇ ಹೊತ್ತಿಗೆ ನನ್ನ ಕೈಗಳು ಅವಳಿಗಾಗಿ ಜೋರಾಗಿ ಚಪ್ಪಾಳೆ ತಟ್ಟುತ್ತಿದ್ದವು, ಅದೂ ಸುಳ್ಳಲ್ಲ. ಕೊನೆಯಲ್ಲಿ ತೀರ್ಪುಗಾರ್ತಿಗೆ ಹೊಡೆಯಬೇಕಾದ ಸೆಲ್ಯೂಟನ್ನು ಅವಳು ಅಜ್ಜಿಗೆ ಹೊಡೆದಳು. ಡಾಲೊರೆಸ್ ಎದ್ದು ನಿಂತು ತಿರುಗಿ ಹೊಡೆದರು.

ಆಮೇಲೆ ಮಾರ್ನಿ.

ಅವಳು ಶುರುವಿನಲ್ಲೇ, ಸುಲಭದ ಜಾಗದಲ್ಲೇ ಬೀಳಿಸಿದಳು. ಎತ್ತಿಕೊಂಡಳು, ಮುಖ ಕದಲಲಿಲ್ಲ. ನಂತರ ಆ ದೊಡ್ಡ ಎಸೆತ. ಕೋಲು ಸೂರಿನ ಕಡೆ ಹೋಯಿತು, ಕೆಳಗೆ ಅವಳು ಎರಡು ಸುತ್ತು ತಿರುಗಿದಳು...

(ಗೊತ್ತು. ಕೋಲನ್ನು ಗಾಳಿಯಲ್ಲೇ ಬಿಟ್ಟು ಕಥೆ ಮುಗಿಸಬೇಕು. ಕಥೆ ಬರೆಯುವ ನಮ್ಮ ಪೈಕಿಯವರು ಮಾಡುವುದೇ ಅದು. ನೀವೂ ಅದನ್ನೇ ಕಾಯುತ್ತಿದ್ದಿರಿ, ಅಲ್ಲವೇ? ಆದರೆ ಉಕ್ಕಿನ ಕೋಲು, ಮೇಲೆ ನಿಲ್ಲುವುದಿಲ್ಲ.)

...ಕೆಳಗೆ ಬಂತು, ಹಿಡಿದಳು. ನಾನು ಕಿರುಚಿದೆ. ಅದಕ್ಕಿಂತ ಜೋರಾಗಿ ಕಿರುಚಿದವಳು ಮೂರನೇ ಪಟ್ಟಿಯ ಅಂಚಿನಲ್ಲಿ ನಿಂತಿದ್ದ ಜೋಸಿ.

೮

ಸಂಜೆ ಮಕ್ಕಳನ್ನೆಲ್ಲ ನೆಲದ ಮೇಲೆ ಕೂರಿಸಿ ಫಲಿತಾಂಶ ಓದಿದರು. ಮೊದಲು ಎರಡನೇ ಸ್ಥಾನ ಹೇಳುವುದು ಪದ್ಧತಿ.

"ಜೋಸಿ ಕೊವಾಚ್."

ಜೋಸಿ ಟ್ರೋಫಿಯನ್ನು ತಲೆಯ ಮೇಲೆತ್ತಿಕೊಂಡು ಅಜ್ಜಿಯ ಹತ್ತಿರ ಓಡಿದಳು. "ಎರಡನೇದು! ಅಜ್ಜೀ, ಇಷ್ಟು ಜನರಲ್ಲಿ ಎರಡನೇದು!" ಡಾಲೊರೆಸ್ ತಿದ್ದಲಿಲ್ಲ. ನಾನೂ ತಿದ್ದಲಿಲ್ಲ.

ಮಾರ್ನಿಯ ಹೆಸರು ಕರೆದಾಗ ಅವಳ ತಂಡದವರು "ಅಜ್ಜಿ ಮೇಲೆ ಬಂದ್ಲು!" ಎಂದು ನೆಲ ಬಡಿದರು. ನನ್ನ ಮಗಳು ಅತ್ತಳು, ನಕ್ಕಳು, ನನ್ನ ಕುತ್ತಿಗೆಗೆ ಜೋತು ಬಿದ್ದಳು. ಅವಳ ತುರುಬಿನ ಪಿನ್ನು ನನ್ನ ಗಲ್ಲಕ್ಕೆ ಚುಚ್ಚಿತು. ಇಷ್ಟು ಸಂತೋಷ ನನಗೆ ಯಾವ ಫುಟ್‌ಬಾಲ್ ಪಂದ್ಯದಲ್ಲೂ ಆಗಿಲ್ಲ. ಆಸ್ಪತ್ರೆಗೆ ಫೋನು ಮಾಡಿದೆ, ಗ್ವೆನ್ ಅತ್ತ ಕಡೆಯಿಂದ ಕಿರುಚಿ, "ಲೆಕ್ಕಕ್ಕೆ ಬರೋದಾ?" ಎಂದು ಕೇಳಿದಳು. ಮನೆಯಲ್ಲಿ ಗೊತ್ತಿಲ್ಲದವನು ನಾನೊಬ್ಬನೇ.

ಇಲ್ಲಿಗೆ ಮುಗಿಸಬಹುದಿತ್ತು. ಮುಗಿಸಿಯೂ ಇದ್ದೆ. ಪತ್ರಿಕೆಗೆ ಕಳಿಸಲೂ ಹೊರಟಿದ್ದೆ.

೮ (ಮುಗಿಯದ್ದಕ್ಕೆ ಕಾರಣ)

ಹೊರಡುವಾಗ ಜೋಸಿ ಮಾರ್ನಿಯ ಕೈ ಹಿಡಿದುಕೊಂಡು ಕೇಳಿದಳು: "ಮಾರ್ಚಲ್ಲಿ ಮತ್ತೆ ನೀನೂ ನಾನೂ ಅಲ್ವಾ?"

ಪಕ್ಕದಲ್ಲಿದ್ದ ಮಿಸ್ ಲುವಾನ್ ಪ್ರೀತಿಯಿಂದ ಅವಳ ತಲೆ ಸವರಿದರು. "ಇಲ್ಲ ಕಣಮ್ಮ, ಮಾರ್ನಿ ಇನ್ನು ಮೇಲಿನ ವರ್ಗಕ್ಕೆ. ನಿನ್ನ ವರ್ಗದಲ್ಲಿ ನೀನೊಬ್ಳೇ. ಮುಂದಿನ ಸಲ ಮೊದಲ ಸ್ಥಾನ ನಿಂದೇ ಬಿಡು!"

ಜೋಸಿ ಕುಪ್ಪಳಿಸಿದಳು. ಮಾರ್ನಿ ಕುಪ್ಪಳಿಸಲಿಲ್ಲ.

ಕಾರು ಹತ್ತಿದೆವು. ದಾರಿಯಲ್ಲಿ ತಿನ್ನಲೆಂದು ಕೊಂಡಿದ್ದ ಮಸಾಲೆ ಮಾಂಸ ಸುರಿದ ಚಿಪ್ಸ್ ಪೊಟ್ಟಣ ಅವಳ ತೊಡೆಯ ಮೇಲೆ ಹಾಗೇ ತಣ್ಣಗಾಯಿತು. ಜೋಳದ ಹೊಲಗಳೆಲ್ಲ ಕಟಾವಾಗಿ ಬೋಳಾಗಿದ್ದವು, ಮೇಲೆ ತೆಳ್ಳಗೆ ಹಿಮ.

"ಏನಾಯ್ತೇ? ಗೆದ್ದಿದ್ದೀಯ, ಖುಷಿಯಾಗಿರು."

"ಇನ್ನು ಅವಳ ಮನೇಲೂ ಶೆಲ್ಫ್ ತುಂಬುತ್ತೆ ಅಪ್ಪಾ," ಎಂದಳು.

ನನಗೆ ತಕ್ಷಣ ಹೊಳೆಯಲಿಲ್ಲ. ಹೊಳೆದಾಗ ಕಾರಿನ ವೇಗ ತಾನಾಗಿ ಕಮ್ಮಿಯಾಯಿತು.

"ನೀನು ಹೊಸಬರಲ್ಲೇ ಉಳ್ಕೊಂಡ್ರೆ?" ಎಂದೆ. ಗೆದ್ದದ್ದರ ಲೆಕ್ಕ ನಮ್ಮಲ್ಲಿ ಆಡುವವರೇ ಇಟ್ಟುಕೊಳ್ಳುವುದು, ಯಾರೂ ಪರೀಕ್ಷಿಸುವುದಿಲ್ಲ ಎಂದು ಆ ದಿನವೇ ತಿಳಿದುಕೊಂಡಿದ್ದೆ.

"ಮರಳು ಮೂಟೆ ಅಂತಾರೆ. ಗೆದ್ದ ಮೇಲೂ ಕೆಳಗೇ ಕೂತು ಟ್ರೋಫಿ ಬಾಚೋರನ್ನ ಹಾಗೇ ಕರೆಯೋದು. ಮಿಸ್ ಲುವಾನ್ ಅಂಥೋರನ್ನ ಮಾತೇ ಆಡಿಸಲ್ಲ." ಕಿಟಕಿಯ ಕಡೆ ಮುಖ ತಿರುಗಿಸಿದಳು. "ಮತ್ತೆ, ನಂಗೆ ಮೇಲೆ ಹೋಗ್ಬೇಕು ಅಪ್ಪಾ. ತುಂಬಾ ಆಸೆ. ಅದೂ ನಿಜ."

೯

ಲೇಖಕನ ಕೈಯಲ್ಲಿ ಏನಿದೆ? ಅಂತ್ಯ ಇದೆ. ಮನೆಗೆ ಬಂದು ಮೂರು ಬರೆದೆ, ಮಾರ್ನಿಯ ಮುಂದಿಟ್ಟೆ.

ಅ) ಮಾರ್ನಿ ದೊಡ್ಡ ಎಸೆತವನ್ನು ಬೀಳಿಸುತ್ತಾಳೆ. ಜೋಸಿ ಗೆಲ್ಲುತ್ತಾಳೆ, ಮೇಲಿನ ವರ್ಗಕ್ಕೆ ಹೋಗುತ್ತಾಳೆ. ತ್ಯಾಗ, ಕಣ್ಣೀರು.

"ಆಗ ನಾನೊಬ್ಳೇ ಉಳೀತೀನಿ. ಅದೇ ಶೆಲ್ಫ್, ಅದೇ ಮೆಟ್ಟಿಲು. ಅಲ್ಲದೆ ನಾನು ಅದನ್ನ ಹಿಡ್ದಿದ್ದೀನಿ. ನೀನು ಬೀಳಿಸೋ ಹಾಗಿಲ್ಲ."

ಆ) ಇಬ್ಬರಿಗೂ ಸಮ ಅಂಕ, ಇಬ್ಬರೂ ಕೈ ಕೈ ಹಿಡಿದು ಮೇಲಕ್ಕೆ.

"ಸಮ ಬಂದ್ರೆ ತೀರ್ಪುಗಾರರು ಒಬ್ರನ್ನ ಆರಿಸ್ಲೇಬೇಕು. ನಿಯಮ."

"ಕಥೆ ಕಣೆ ಇದು!"

"ಹಾಗಾದ್ರೆ ನಮ್ಮ ಹೆಸರು ತೆಗಿ."

ಇ) ಮಾರ್ಚ್ ಸ್ಪರ್ಧೆಗೆ ಎಲ್ಲಿಂದಲೋ ಒಬ್ಬಳು ಮೂರನೆಯ ಹುಡುಗಿ ಪ್ರತ್ಯಕ್ಷಳಾಗುತ್ತಾಳೆ. ಜೋಸಿ ಅವಳ ಎದುರು ಆಡುತ್ತಾಳೆ.

ಇದನ್ನು ಮಾರ್ನಿ ಎರಡು ಸಲ ಓದಿದಳು.

"ಇದು ಚೆನ್ನಾಗಿದೆ," ಎಂದಳು ಕೊನೆಗೆ. "ಯಾರವಳು?"

"ಯಾರಾದ್ರೂ. ಹೆಸರು ಇಡೋಣ. ಕ್ಲಾರಾ?"

"ಅಪ್ಪಾ, ಕ್ಲಾರಾ ಕಾಗದದ ಮೇಲಿರ್ತಾಳೆ. ಜೋಸಿ ಜಿಮ್ಮಲ್ಲಿರ್ತಾಳೆ."

ಹೊರಗಿನ ಅಂಗಳದಲ್ಲಿ ಈಗ ಜೋಸಿ ಕೋಲು ಎಸೆಯುತ್ತಿದ್ದಾಳೆ. ಮಾರ್ನಿ ಗೆದ್ದ ಮರುವಾರದಿಂದ ಡಾಲೊರೆಸ್ ಅವಳನ್ನು ಇಲ್ಲಿಗೆ ತಂದು ಬಿಡುತ್ತಿದ್ದಾರೆ. ಇಲ್ಲಿ ಸೂರಿಲ್ಲ, ಆಕಾಶ. ಎಸೆತ ಈಗ ಎರಡನೇ ಮಹಡಿಯ ಕಿಟಕಿ ಮುಟ್ಟುತ್ತದೆ, ಒಂದು ಗಾಜು ಹೋಗಿದೆ. ಡಾಲೊರೆಸ್ ನಮ್ಮ ಅಡುಗೆಮನೆಯಲ್ಲಿ ಕೂತು ನನ್ನ ಕಾಫಿ ನೀರಾಗಿದೆ ಎಂದು ದೂರುತ್ತಾರೆ. ಎಲ್ಲ ಚೆನ್ನಾಗಿಯೇ ಇದೆ. ಮಾರ್ಚ್ ಸ್ಪರ್ಧೆಗೆ ಹೆಸರು ಕೊಡುವ ಕೊನೆಯ ದಿನ ಹತ್ತಿರ ಬಂದಿದೆ, ಯಾವ ವರ್ಗದಲ್ಲಿ ಆಡುತ್ತೇನೆಂದು ಮಾರ್ನಿ ಇನ್ನೂ ಹೇಳಿಲ್ಲ. ಗ್ವೆನ್ ಕೇಳಿದರೆ ಭುಜ ಕುಣಿಸುತ್ತಾಳೆ. ನಾನು ಕೇಳುವುದನ್ನು ಬಿಟ್ಟಿದ್ದೇನೆ. ಗೆಲ್ಲಲು ಇಷ್ಟು ಆಸೆಪಟ್ಟ ಮಗು ಗೆದ್ದ ಮೇಲೆ ಹಿಂದೆ ತಿರುಗಿ ನೋಡುತ್ತಾ ನಿಂತಿದೆಯಲ್ಲ, ಅದನ್ನು ನೋಡಿ ನನಗೆ ಹೆಮ್ಮೆ ಉಕ್ಕುತ್ತದೆ. ಈ ಸಲ ಅಂಚೆಯವನಿಗೆ ಹೇಗೆ ಹೇಳಬೇಕೆಂದು ಗೊತ್ತಾಗುತ್ತಿಲ್ಲ.

ಸಂಖ್ಯೆ ಹಾಕದ ಭಾಗ

"ನಿನ್ನ ಕಥೆ ಎಷ್ಟು ಜನ ಓದ್ತಾರೆ?" ಮಾರ್ನಿ ಈಗಷ್ಟೇ ಒಳಗೆ ಬಂದು ಕೇಳಿದಳು.

"ಹೇಳೋಕಾಗಲ್ಲ. ಸ್ವಲ್ಪ ಜನ."

"ಅವರಿಗೆಲ್ಲ ಹುಡುಗೀರಿದ್ದಾರಾ? ಹತ್ತು, ಹನ್ನೊಂದು, ಹನ್ನೆರಡು ವಯಸ್ಸಿನೋರು?"

"ಇರಬಹುದು. ಯಾಕೆ?"

"ಕೇಳು ಮತ್ತೆ."

"ಕಥೇಲಿ ಹಾಗೆಲ್ಲ ಕೇಳೋಕಾಗಲ್ಲ ಕಣೆ. ಓದುಗರು ಅಂದ್ರೆ ಅದೊಂದು..."

"ಮೊದಲಿಂದ ಅವರ ಜೊತೆ ಮಾತಾಡ್ತಾನೇ ಇದ್ದೀಯಲ್ಲ! ಮೂಗು ಹಿಡಿದು ಎಳೀತೀನಿ ಅಂದೆ, ಜಾಣರು ಅಂದೆ. ಕೆಲಸಕ್ಕೆ ಬರೋದೊಂದು ಮಾತು ಕೇಳೋಕೆ ನಾಚಿಕೇನಾ?"

ಅವಳ ಹಿಂದೆಯೇ ಜೋಸಿಯೂ ಬಂದು, ಮೇಜಿನ ಅಂಚಿಗೆ ಗದ್ದ ಊರಿ ನನ್ನ ಬೆರಳುಗಳನ್ನೇ ನೋಡುತ್ತಾ ನಿಂತಿದ್ದಾಳೆ.

ಸರಿ. ಓದುಗರೇ, ನಿಮಗೆ ಮಗಳಿದ್ದಾಳಾ? ಮೊಮ್ಮಗಳು, ತಂಗಿ, ಪಕ್ಕದ ಮನೆಯವಳು? ಮಾರ್ಚ್ ಎರಡನೇ ಶನಿವಾರ, ಹೈಸ್ಕೂಲ್ ಜಿಮ್, ಮೂರನೇ ಪಟ್ಟಿ. ಮೊದಲು ಆಡಿ ಅಭ್ಯಾಸ ಇರಬೇಕೆಂದಿಲ್ಲ. ಕೋಲು ನಾವು ಕೊಡುತ್ತೇವೆ, ಕಲಿಸುವುದಕ್ಕೆ ಮಾರ್ನಿ ಇದ್ದಾಳೆ, ಊಟ ನಮ್ಮ ಮನೆಯಲ್ಲೇ.

"ತುಂಬಾ ಚೆನ್ನಾಗಿ ಆಡೋರು ಬೇಡ ಅಂತ ಬರೀರಿ," ಎಂದಳು ಜೋಸಿ.

"ಏಯ್, ಚೆನ್ನಾಗಿ ಆಡೋರೇ ಬೇಕು ಅಂತ ಬರಿ ಅಪ್ಪಾ. ಇಲ್ದಿದ್ರೆ ಗೆದ್ದು ಏನು ಸುಖ?"

"ನಿಂಗೇನು, ನೀನು ಗೆದ್ದಾಯ್ತು!"

"ನೀನು ಎದುರಿಗಿದ್ದಿದ್ದಕ್ಕೇ ಅದು ಗೆಲುವಾಗಿದ್ದು ಕಣೆ!"

ಇಬ್ಬರೂ ನನ್ನ ತಲೆಯ ಮೇಲೆಯೇ ಜಗಳವಾಡುತ್ತಿದ್ದಾರೆ. ನಾನು ಇಬ್ಬರದ್ದನ್ನೂ ಬರೆದಿದ್ದೇನೆ. ಎಂಥವಳಾದರೂ ಸರಿ, ಕಳಿಸಿಕೊಡಿ.